ನೀರ್ ಸಾಬ್ ನೆನಪಾಗುತ್ತಾರೆ

ಮಾನ್ಯರೇ,

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡಿದ್ದು ಸರಿಯಲ್ಲ. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿಯಿತು. ಐದು ವರ್ಷ ತುಂಬುವುದರೊಳಗೆ ಚುನಾವಣೆ ಆಗಬೇಕು ಎಂದು ಸಂವಿಧಾನವೇ ಹೇಳುತ್ತದೆ. ಆಗ ಇದ್ದ ಬಿಜೆಪಿ ಸರ್ಕಾರ ಕ್ಷೇತ್ರ ಮರುವಿಂಗಡಣೆಯ ನೆಪ ಹೇಳಿತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರವೂ ಮರುವಿಂಗಡಣೆ, ಮೀಸಲಾತಿ ಎನ್ನುತ್ತಾ ದಿನ ದೂಡಿತು. ಬೇರೆಲ್ಲದಕ್ಕೂ ಕಿತ್ತಾಡುವವರು ಇದೊಂದರಲ್ಲಿ ಮಾತ್ರ ಅಣ್ಣತಮ್ಮಂದಿರು, ಅಲ್ವಾ?

ನಮ್ಮೂರ ಶಾಲೆ ಮುಂದೆ ಒಂದು ಹಳೇ ಬೋರಿಂಗ್ ಇದೆ. ಅದರ ಹಿಡಿ ಸವೆದು ನುಣ್ಣಗಾಗಿದೆ. ಹಿರಿಯರು ಅದನ್ನು ನೋಡಿದಾಗಲೆಲ್ಲ ‘ನೀರ್ ಸಾಬ್’ ಹೆಸರು ಎತ್ತುತ್ತಾರೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟರು. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು. ವಿಧಾನಸೌಧದಲ್ಲಿದ್ದ ಅಧಿಕಾರವನ್ನು ಜಿಲ್ಲಾ ಪರಿಷತ್ತುಗಳಿಗೆ ಬಿಟ್ಟುಕೊಡಲು ಕಾನೂನು ತಂದರು. 1987ರಲ್ಲಿ ಚುನಾವಣೆಯೂ ಆಯಿತು. ಇಂಥ ಮಂತ್ರಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಸದಸ್ಯರಿಲ್ಲದಿದ್ದರೆ ನಾಲ್ಕೂರಿಗೆ ಸೇರಿದ ರಸ್ತೆ ಕಿತ್ತುಹೋದರೂ ಶಾಸಕರ ಮನೆ ಗೇಟಿನ ಮುಂದೆಯೇ ನಿಲ್ಲಬೇಕು. ಆಡಳಿತಾಧಿಕಾರಿ ಇರುತ್ತಾರೆ, ನಿಜ. ಆದರೆ ನಾಳೆ ವೋಟು ಕೇಳಲು ಬರಬೇಕಾದವರಿಗೆ ಇರುವ ಅಳುಕು ಅವರಿಗೆ ಎಲ್ಲಿಂದ ಬರಬೇಕು?

ಮರುವಿಂಗಡಣೆ ಮತ್ತು ಮೀಸಲಾತಿ ಪಟ್ಟಿಯ ಕೆಲಸವನ್ನು ಸರ್ಕಾರ ತನ್ನ ಕೈಯಲ್ಲಿ ಇಟ್ಟುಕೊಳ್ಳದೆ ರಾಜ್ಯ ಚುನಾವಣಾ ಆಯೋಗಕ್ಕೆ ಪೂರ್ತಿ ಬಿಟ್ಟುಕೊಡಲಿ. ಅವಧಿ ಮುಗಿಯುವ ಆರು ತಿಂಗಳ ಮೊದಲೇ ಆ ಪಟ್ಟಿ ಪ್ರಕಟವಾಗಬೇಕು ಎಂಬ ಗಡುವನ್ನೂ ಕಾನೂನಿನಲ್ಲೇ ಸೇರಿಸಲಿ.

– ಒಬ್ಬ ಓದುಗ, ತುಮಕೂರು ಜಿಲ್ಲೆ