ತೂಕದ ಜೊತೆ ಸೊಂಟವನ್ನೂ ಅಳೆಯಿರಿ

ಮಾನ್ಯರೇ,

ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯಲ್ಲಿ ನಡೆದ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ನಾನೂ ಸಾಲಿನಲ್ಲಿ ನಿಂತಿದ್ದೆ. ಎತ್ತರ 168 ಸೆಂ.ಮೀ., ತೂಕ 64 ಕಿಲೋ, ಖಾಲಿ ಹೊಟ್ಟೆಯ ಶುಗರ್ 96. ಚೀಟಿಯ ಮೇಲೆ ‘ನಾರ್ಮಲ್’ ಎಂದು ಬರೆದು ಕಳಿಸಿದರು. ಆ ಖುಷಿಗೆ ದಾರಿಯಲ್ಲೇ ಒಂದು ಮಸಾಲೆ ದೋಸೆಯೂ ಆಯಿತು.

ನಿಜ ಸಂಗತಿ ಗೊತ್ತಿದ್ದದ್ದು ನನ್ನ ಟೈಲರ್‌ಗೆ. ಐದು ವರ್ಷದಲ್ಲಿ ಪ್ಯಾಂಟಿನ ಸೊಂಟ 33 ಇಂಚಿನಿಂದ 37ಕ್ಕೆ ಬಂದಿತ್ತು. ಕೈಕಾಲು ಮಾತ್ರ ಮೊದಲಿನಂತೆ ಕಡ್ಡಿ. ಮುಂದೆ ಬೇರೇನಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ಕೊಬ್ಬು, ಇದೆ ಎಂದರು. ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚು, ಎಚ್‌ಡಿಎಲ್ ಎಂಬ ‘ಒಳ್ಳೆಯ’ ಕೊಲೆಸ್ಟರಾಲ್ ಕಡಿಮೆ. ‘ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ನಿಮ್ಮ ಮೈ ಇನ್ಸುಲಿನ್ ಮಾತು ಕೇಳುತ್ತಿಲ್ಲ’ ಎಂದರು ವೈದ್ಯರು.

ಶಿಬಿರದವರನ್ನು ದೂರಿ ಪ್ರಯೋಜನವಿಲ್ಲ. ಸ್ನಾಯು, ಯಕೃತ್ತುಗಳು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ಸರಿಯಾಗಿ ಓಗೊಡದಿದ್ದಾಗ ಮೇದೋಜ್ಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹದ್ದುಬಸ್ತಿನಲ್ಲಿಡುತ್ತದೆ. ಹೀಗೆ ಎಷ್ಟೋ ವರ್ಷ ಏಗುತ್ತದೆ. ಅದು ಸೋಲತೊಡಗಿದ ಮೇಲಷ್ಟೇ ಶುಗರ್ ಏರುವುದು. ಅಲ್ಲಿಯವರೆಗೆ ಬೆರಳಿಗೆ ಸೂಜಿ ಚುಚ್ಚಿದರೆ ಸಿಗುವುದು ‘ನಾರ್ಮಲ್’ ಚೀಟಿಯೇ.

ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಬಿಎಂಐ ಲೆಕ್ಕ ಕೂಡ ನಮ್ಮಂಥವರ ವಿಷಯದಲ್ಲಿ ಪೂರ್ತಿ ನಂಬುವಂಥದ್ದಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿಸಿದ್ದರು. ಇಬ್ಬರ ಬಿಎಂಐ ಕೂಡ 22.3. ಆದರೆ ಮೈಯ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ಸಣಕಲು ಮೈ, ಒಳಗೆ ಕೊಬ್ಬು: ಇದು ನಮ್ಮ ದೇಶದವರಲ್ಲಿ ಮಾಮೂಲು. ಈ ಕೊಬ್ಬು ಹೊಟ್ಟೆಯೊಳಗೆ ಸೇರಿದಷ್ಟೂ ಮೈ ಇನ್ಸುಲಿನ್ ಮಾತು ಕೇಳುವುದು ಕಡಿಮೆ. ಹಾಗಾಗಿಯೇ ನಮ್ಮಲ್ಲಿ ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ದಾಟಿದರೆ ಎಚ್ಚರವಿರಬೇಕು ಎನ್ನುತ್ತಾರೆ. ಬೆಲ್ಟು ಕಟ್ಟುವ ಜಾಗದಲ್ಲಿ ಅಳೆದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಬೇಕು. ನನ್ನದು 94 ಬಂತು.

ಇನ್ಸುಲಿನ್ ತೊಂದರೆಯ ಸುಳಿವು ಸಿಗಲು ಶಿಬಿರದಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇವೆ. ಅಪ್ಪ ಅಮ್ಮನಿಗೆ ಶುಗರ್ ಇತ್ತೇ? ಬಸುರಿಯಾಗಿದ್ದಾಗ ಶುಗರ್ ಬಂದಿತ್ತೇ? ಅಂಡಾಶಯದ ತೊಂದರೆಯಾದ ಪಿಸಿಒಡಿ ಇದೆಯೇ? ರಾತ್ರಿ ಪಾಳಿಯ ಕೆಲಸವೇ, ನಿದ್ದೆ ಎಷ್ಟು ಗಂಟೆ? ಕತ್ತಿನ ಹಿಂದೆ ಚರ್ಮ ದಪ್ಪವಾಗಿ ಕಪ್ಪಾಗಿದೆಯೇ? ಈ ಕೊನೆಯದನ್ನು ಕೊಳೆ ಎಂದುಕೊಂಡು ಮಕ್ಕಳ ಕತ್ತನ್ನು ತೆಂಗಿನ ನಾರಿನಿಂದ ಉಜ್ಜುವವರನ್ನು ನಾನೇ ಕಂಡಿದ್ದೇನೆ.

ನನಗೆ ಕೊಟ್ಟ ಚೀಟಿಯಲ್ಲಿ ಎತ್ತರ, ತೂಕ, ಬಿಪಿ, ಶುಗರ್ ಎಂದು ನಾಲ್ಕು ಕಲಂ ಇದ್ದವು. ಶಿಬಿರ ನಡೆಸುವ ಸಂಘ ಸಂಸ್ಥೆಗಳು, ಆರೋಗ್ಯ ಇಲಾಖೆಯವರು ಸೊಂಟಕ್ಕೆಂದು ಇನ್ನೊಂದು ಕಲಂ ಸೇರಿಸಲಿ. ಬೇಕಾಗುವುದು ದರ್ಜಿಯ ಟೇಪು, ಹೆಂಗಸರ ಅಳತೆಗೆ ಒಂದು ಪರದೆ, ಒಬ್ಬ ನರ್ಸಮ್ಮ.

— ಒಬ್ಬ ಓದುಗ, ಮೈಸೂರು