ತಕಿಟ ತಕಿಟ ತಕ

ಪ್ರೀತಿಯ ಗೆಳೆಯ,

ಹೋದ ವಾರ ಫೋನಿನಲ್ಲಿ ನೀನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ಸಾಗರದವನು ಅಮೆರಿಕದ ನಾರ್ತ್ ಕೆರೊಲಿನಾದವರಿಗೆ ಬ್ಯಾಂಜೊ ವಾದ್ಯ ಹೇಳಿಕೊಡೋದಾ? ಅಲ್ಲಿಯವನೊಬ್ಬ ನಮ್ಮೂರಿಗೆ ಬಂದು ಚಂಡೆ ಕಲಿಸಿದ ಹಾಗಾಯ್ತು" ಅಂದೆ. ನಿಜ ಮಾರಾಯ. ಆದರೆ ಪ್ರತಿ ಶನಿವಾರ ಬೆಳಿಗ್ಗೆ ನನ್ನ ಶಿಷ್ಯರೊಬ್ಬರು ಬಂದೇ ಬರುತ್ತಾರೆ. ಅರವತ್ತು ದಾಟಿದ, ನಿವೃತ್ತ ಎಲೆಕ್ಟ್ರಿಷಿಯನ್. ಅವರ ಅಜ್ಜನ ಬ್ಯಾಂಜೊ ಅಟ್ಟದ ಮೇಲಿತ್ತಂತೆ.

ಅವರ ಕಾಯಿಲೆ ವೇಗ. ಬ್ಲೂಗ್ರಾಸ್ ಅನ್ನುವ ಇಲ್ಲಿಯ ಹಳ್ಳಿಗಾಡಿನ ಸಂಗೀತ ಕೇಳಿದವರೆಲ್ಲ ಮೊದಲು ಅದಕ್ಕೇ ಮರುಳಾಗುತ್ತಾರೆ. ನಾನೂ ಹಾಗೇ ಕೆಟ್ಟಿದ್ದೆ. ಎರಡು ವರ್ಷ ಟ್ಯಾಬ್ ಅನ್ನುವ ಸ್ವರಲಿಪಿ ನೋಡಿಕೊಂಡು ಮನೆಯಲ್ಲಿ ಒಬ್ಬನೇ ನುಡಿಸಿದೆ. ಐದು ತಂತಿಗೆ ಐದು ಗೆರೆ, ಗೆರೆಯ ಮೇಲೆ ವೀಣೆಯ ಮೆಟ್ಟಿಲಿನಂಥ ಫ್ರೆಟ್ಟಿನ ಅಂಕಿ, ಅಷ್ಟೇ. ಆಮೇಲೆ ಧೈರ್ಯ ಮಾಡಿ ಒಂದು ಜ್ಯಾಮಿಗೆ ಹೋದೆ. ಸುತ್ತ ಕೂತು ಒಬ್ಬೊಬ್ಬರಾಗಿ ನುಡಿಸುತ್ತಾರೆ. ನನ್ನ ಸರದಿ ಬಂತು, ಎಲ್ಲರಿಗಿಂತ ಮುಂಚೆ ಮುಗಿಸಿಬಿಟ್ಟೆ! ಬೇಸ್ ವಾದ್ಯ ಹಿಡಿದಿದ್ದ ಅಜ್ಜ ಏನೂ ಅನ್ನಲಿಲ್ಲ. ಸುಮ್ನೆ ಕಾಲಿನಿಂದ ನೆಲ ತಟ್ಟಿ ತೋರಿಸಿದರು.

ಬ್ಯಾಂಜೊದಲ್ಲಿ ಬಲಗೈಯದೇ ದರ್ಬಾರು. ಹೆಬ್ಬೆರಳಿಗೆ ತಂತಿ ಮೀಟುವ ಪ್ಲಾಸ್ಟಿಕ್ ಪಿಕ್, ತೋರುಬೆರಳು, ನಡುಬೆರಳಿಗೆ ಲೋಹದ್ದು. ಮೂರೂ ಬೆರಳು ಒಂದರ ಹಿಂದೊಂದು ಬಿಡದೆ ಮೀಟುವುದಕ್ಕೆ ರೋಲ್ ಅನ್ನುತ್ತಾರೆ. ಒಂದು ಸುತ್ತಿಗೆ ಎಂಟು ಮೀಟು. ಬೆರಳು ಮೂರು, ಮೀಟು ಎಂಟು. ಲೆಕ್ಕ ಕೂಡೋದಿಲ್ಲ, ಅಲ್ವಾ? ಮಜಾ ಇರುವುದೇ ಅಲ್ಲಿ. ಫಾರ್ವರ್ಡ್ ರೋಲು ಮೂರು, ಮೂರು, ಎರಡು ಅಂತ ಹೋಗುತ್ತದೆ. ಒತ್ತು ತಾಳಕ್ಕೆ ಸಿಗದೆ ಜಾರಿ, ಕೊನೆಗೆ ಸರಿಯಾಗಿ ಸಮಕ್ಕೆ ಬಂದು ಕೂರುತ್ತದೆ.

ನನ್ನ ಶಿಷ್ಯರು ಒಂದರಿಂದ ಎಂಟು ಎಣಿಸುತ್ತಾ ಆರಾದ ಮೇಲೆ ಎಡವುತ್ತಿದ್ದರು. ವಾರಗಟ್ಟಲೆ ಅದೇ ಕಥೆ. ಒಂದು ದಿನ ನಿನ್ನ ಖಂಜಿರ ನೆನಪಾಯಿತು. ಟ್ಯಾಬ್ ಹಾಳೆ ಮಡಚಿಟ್ಟು, ಬಾಯಲ್ಲಿ "ತಕಿಟ ತಕಿಟ ತಕ" ಅಂತ ಹೇಳಿಸಿದೆ. ಪ್ರತಿ 'ತ'ಕ್ಕೂ ಹೆಬ್ಬೆರಳು. ಅವರ ಬಾಯಲ್ಲಿ ಅದು 'ಟಾಕಿಟಾ' ಆಯಿತು, ಆಗಲಿ ಬಿಡು. ಅವತ್ತೇ ಕೈ ಹಿಡಿಯಿತು. ಈಗ ಪಾತ್ರೆ ತೊಳೆಯುವಾಗಲೂ ಅದನ್ನೇ ಗೊಣಗುತ್ತಾರೆ ಅಂತ ಅವರ ಹೆಂಡತಿಯ ದೂರು.

ವಾದ್ಯ ಹೇಗಿದೆ ಅಂತ ನೀನು ಕೇಳಿದ್ದೆ. ನಿನ್ನ ಖಂಜಿರಕ್ಕೆ ದೂರದ ನೆಂಟ ಅಂದುಕೋ, ಕುತ್ತಿಗೆ ಬಂದಿದೆ ಅಷ್ಟೆ. ಆಫ್ರಿಕಾದಿಂದ ಗುಲಾಮರಾಗಿ ಎಳೆದು ತಂದವರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯ ಇದರ ಮೂಲ. ಮುಂದೆ ಕರುವಿನ ಚರ್ಮ ಬಂತು, ಈಗ ಜಾಸ್ತಿ ಪ್ಲಾಸ್ಟಿಕ್. ನೀನು ನೀರು ಸವರಿ ಶ್ರುತಿ ಇಳಿಸುತ್ತೀಯಲ್ಲ, ಚರ್ಮದ ಕಾಲದ ಬ್ಯಾಂಜೊದವರಿಗೆ ಆ ತೇವವೇ ಶತ್ರುವಾಗಿತ್ತು. ಐದನೇ ತಂತಿ ಮಾತ್ರ ಗಿಡ್ಡ. ಐದನೇ ಫ್ರೆಟ್ಟಿನ ಹತ್ತಿರ ಶುರುವಾಗುತ್ತದೆ. ಹೆಬ್ಬೆರಳ ಪಕ್ಕದಲ್ಲೇ ಇದ್ದು, ಎಲ್ಲಕ್ಕಿಂತ ಮೇಲಿನ ಸ್ವರ ನುಡಿಯುತ್ತದೆ. ತಂಬೂರಿಯ ಹಾಗೆ ಬದಲಾಗದ ಸ್ವರ, ಆದರೆ ಒಂದು ಕ್ಷಣ ಸುಮ್ಮನೆ ಕೂರದ ತಂಬೂರಿ.

ಈ ಮೂರು ಬೆರಳಿನ ಶೈಲಿಗೆ ಹೆಸರಾದ ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಇದೇ ರಾಜ್ಯದ ಫ್ಲಿಂಟ್ ಹಿಲ್‌ನವರು, 1924ರಲ್ಲಿ ಹುಟ್ಟಿದವರು. ಮೂರು ಬೆರಳಿನಲ್ಲಿ ನುಡಿಸುವವರು ಅವರಿಗಿಂತ ಮುಂಚೆಯೂ ಇದ್ದರು. ಆದರೆ 1945ರ ಡಿಸೆಂಬರಿನಲ್ಲಿ ಅವರು ಬ್ಲೂಗ್ರಾಸಿನ ಪಿತಾಮಹ ಬಿಲ್ ಮನ್ರೋ ಅವರ ತಂಡ ಸೇರಿದ ಮೇಲೆ ಬ್ಯಾಂಜೊ ಅಂದರೆ ಹೀಗೇ ಅನ್ನುವಂತಾಯಿತು. ಚಿಕ್ಕಂದಿನಲ್ಲಿ ಅವರು ಅಣ್ಣ ಹೊರೇಸ್ ಜೊತೆ ಒಂದು ಆಟ ಆಡುತ್ತಿದ್ದರಂತೆ. ಇಬ್ಬರೂ ಒಂದೇ ಹಾಡು ಶುರುಮಾಡಿ, ಒಬ್ಬ ಮನೆಯ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ನುಡಿಸುತ್ತಲೇ ಸುತ್ತು ಹಾಕುವುದು. ಎದುರಾದಾಗ ತಾಳ ಕೂಡಿರಬೇಕು. ನನ್ನ ಶಿಷ್ಯರ ಜೊತೆ ಇದನ್ನು ಮಾಡಿ ನೋಡಿದೆ. ಅವರು ಅರ್ಧ ಸಾಲು ಮುಂದಿದ್ದರು, ನಾನು ಸರಿಯಿದ್ದೆ. ಅವರ ಪ್ರಕಾರ ಉಲ್ಟಾ.

ಡಿಸೆಂಬರಿನಲ್ಲಿ ಬರುತ್ತಿದ್ದೇನೆ. ನೀನು ಖಂಜಿರ ಹಿಡಿದು ಕೊಟ್ಟಿಗೆ ಕಡೆಯಿಂದ ಬಾ, ನಾನು ಬಾವಿ ಕಡೆಯಿಂದ ಬರುತ್ತೇನೆ. ಅಂಗಳದಲ್ಲಿ ಹರವಿದ ಅಡಿಕೆ ತುಳಿದರೆ ನಿನ್ನ ಅಮ್ಮನ ಹತ್ತಿರ ನೀನೇ ಮಾತಾಡು.

ಇಂತಿ,
ನಿನ್ನ ಗೆಳೆಯ