ಉಂಗುರದ ಅಂಗಡಿಗೆ ಹೋಗುವ ಮುನ್ನ, ನಿಮ್ಮಿಬ್ಬರಿಗೂ

ಪ್ರಿಯ ಗೆಳೆಯಾ,

ನಿಶ್ಚಿತಾರ್ಥದ ಉಂಗುರ ನಾವಿಬ್ಬರೂ ಹೋಗಿಯೇ ಆರಿಸುತ್ತೇವೆ ಅಂತ ಬರೆದಿದ್ದೀಯ. ಹಾಗಾದರೆ ಮೊದಲ ಸಲ ನಿಜವಾಗಿಯೂ ಇಬ್ಬರೇ ಹೋಗಿ. ಎರಡೂ ಮನೆಯ ಚಿಕ್ಕಮ್ಮ, ಸೋದರತ್ತೆ ಎಲ್ಲ ಸೇರಿ ಏಳೆಂಟು ಜನ ಕೌಂಟರಿನ ಮುಂದೆ ಕೂತರೆ ಬೆರಳಿನ ಮಾತು ಹಿಂದೆ ಸರಿದು ಬೀಗರ ಮರ್ಯಾದೆಯ ಮಾತು ಮುಂದೆ ಬರುತ್ತದೆ. ಆ ಸಲ ದುಡ್ಡು ಕಟ್ಟಬೇಡಿ. ಅಳತೆ, ಲೋಹ, ಹರಳು ಕೂರಿಸುವ ರೀತಿ, ಬಜೆಟ್ಟಿನ ಮೇಲಿನ ಗೆರೆ, ಇಷ್ಟು ತೀರ್ಮಾನವಾದರೆ ಸಾಕು. ಹಿರಿಯರು ಒಳ್ಳೆಯ ದಿನ ನೋಡಿ ಎರಡನೇ ಸಲ ಬರಲಿ, ಹರಸಲಿ, ಬೇಕಾದರೆ ದುಡ್ಡೂ ಕಟ್ಟಲಿ.

ಅಳತೆಯಿಂದ ಶುರುಮಾಡುತ್ತೇನೆ. ಅತಿ ಹೆಚ್ಚು ಉಂಗುರ ರಿಪೇರಿಗೆ ವಾಪಸಾಗುವುದು ಇದೇ ಕಾರಣಕ್ಕೆ. ನಮ್ಮ ದೇಶದ ಸೈಜ್ ಲೆಕ್ಕ ಸುಲಭ: ಉಂಗುರದ ಒಳಸುತ್ತಳತೆ ಮಿಲಿಮೀಟರಿನಲ್ಲಿ ಎಷ್ಟಿದೆಯೋ ಅದರಿಂದ 40 ಕಳೆದರೆ ಹೆಚ್ಚುಕಡಿಮೆ ಸೈಜ್ ಸಿಗುತ್ತದೆ. 52 ಮಿ.ಮೀ. ಇದ್ದರೆ 12, 54 ಇದ್ದರೆ 14. ಅಮೆರಿಕದಲ್ಲಿರುವ ನಿನ್ನ ಭಾವ ಅಲ್ಲಿಂದ ಉಂಗುರ ತರುತ್ತೇನೆ ಅಂದರೆ, ಅಲ್ಲಿನ 6 ನಮ್ಮ 12ಕ್ಕೆ, 7 ನಮ್ಮ 14ಕ್ಕೆ ಸಮ. ದಾರ ಸುತ್ತಿ ಅಳೆಯಬೇಡ. ದಾರ ಹಿಗ್ಗುತ್ತದೆ, ಗೆಣ್ಣಿನ ಲೆಕ್ಕವೂ ತಪ್ಪುತ್ತದೆ. ಅಂಗಡಿಯಲ್ಲಿ ಅಳತೆ ಉಂಗುರಗಳ ಗೊಂಚಲು ಇರುತ್ತದೆ, ಅದರಲ್ಲೇ ನೋಡಿ. ಗೆಣ್ಣಿನ ಹತ್ತಿರ ಸ್ವಲ್ಪ ತಡೆದು ಒಳಗೆ ಹೋಗಬೇಕು, ತೆಗೆಯುವಾಗ ಒಮ್ಮೆ ತಿರುಗಿಸಿ ಎಳೆಯಬೇಕು. ಬೆಳಿಗ್ಗೆ ಎದ್ದ ಕೂಡಲೇ ಬೆರಳು ಊದಿರುತ್ತದೆ, ಚಳಿಯಲ್ಲಿ ಸಣ್ಣಗಾಗುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಸರಿಹೋದದ್ದು ಮೇ ತಿಂಗಳ ರಾಯಚೂರಿನಲ್ಲಿ ಕಚ್ಚುತ್ತದೆ. ಮಧ್ಯಾಹ್ನದ ಮೇಲೆ, ಊಟವಾಗಿ ಸ್ವಲ್ಪ ಹೊತ್ತು ಕಳೆದು ಅಳೆಯುವುದು ಒಳ್ಳೆಯದು. ಯಾವ ಕೈಗೆ ಹಾಕುತ್ತೀರೋ ಅದೇ ಕೈಯನ್ನು ಅಳೆಸಿ. ಬಲಗೈಯವರಿಗೆ ಬಲಗೈ ಬೆರಳು ಸಾಮಾನ್ಯವಾಗಿ ತುಸು ದಪ್ಪ. ಪಟ್ಟಿ 5-6 ಮಿ.ಮೀ. ಅಗಲವಿದ್ದರೆ ಅರ್ಧದಿಂದ ಒಂದು ಸೈಜ್ ದೊಡ್ಡದೇ ಬೇಕು.

ಆಮೇಲೆ ಹಿಗ್ಗಿಸಿದರಾಯ್ತು ಅಂತ ಅಂಗಡಿಯವರು ಹೇಳುತ್ತಾರೆ. ಸಾದಾ ಪಟ್ಟಿಗೆ ಒಂದೆರಡು ಸೈಜ್‌ವರೆಗೆ ಆ ಮಾತು ನಿಜ. ಸುತ್ತಲೂ ಹರಳಿರುವ ಉಂಗುರಕ್ಕೆ ಆಗುವುದೇ ಇಲ್ಲ. ಅರ್ಧ ಸುತ್ತಿಗೆ ಸಣ್ಣ ಹರಳು ಪೋಣಿಸಿದ್ದರೆ ಬಾಗಿಸುವಾಗ ಅವು ಸಡಿಲವಾಗಿ, ತಿಂಗಳೆರಡು ತಿಂಗಳಲ್ಲಿ ಒಂದೊಂದೇ ಉದುರುತ್ತವೆ. ಪ್ಲಾಟಿನಂ ಕರಗುವುದು 1768 ಡಿಗ್ರಿ ಸೆಲ್ಸಿಯಸ್‌ಗೆ. ಬಡಾವಣೆಯ ಅಕ್ಕಸಾಲಿಗರ ಬೆಂಕಿಗೆ ಅದು ಬಗ್ಗುವುದಿಲ್ಲ. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ: ಉಂಗುರವನ್ನು ಕತ್ತರಿಸುವುದು ಸಾಮಾನ್ಯವಾಗಿ ಹರಳಿನ ಎದುರು ಭಾಗದಲ್ಲಿ, ಕೆಳಗೆ. ಶುದ್ಧತೆ ತೋರಿಸುವ ಹಾಲ್‌ಮಾರ್ಕ್ ಗುರುತು ಅಲ್ಲೇ ಇದ್ದರೆ ಅದೂ ಹೋಗುತ್ತದೆ. ಗುರುತು ಬಿಟ್ಟು ಪಕ್ಕದಲ್ಲಿ ಕತ್ತರಿಸಿ ಅಂತ ಮೊದಲೇ ಹೇಳಬೇಕು.

ಲೋಹದ ವಿಷಯದಲ್ಲಿ ಮನೆಯವರು 916ರ ಹಠ ಹಿಡಿಯುತ್ತಾರೆ. ಸಾದಾ ಉಂಗುರಕ್ಕೆ 22 ಕ್ಯಾರಟ್ ಸರಿಯೇ. ವಜ್ರ ಕೂರಿಸುವುದಾದರೆ 18 ಕ್ಯಾರಟ್, ಅಂದರೆ 750. 22 ಕ್ಯಾರಟ್ ಮೆದು; ಹರಳು ಹಿಡಿದಿರುವ ಕೊಕ್ಕೆಗಳು ಬಸ್ಸಿನ ಕಂಬಿಗೆ, ಪಾತ್ರೆಯ ಅಂಚಿಗೆ ತಗುಲಿ ಬಾಗುತ್ತವೆ. ಬಿಳಿ ಚಿನ್ನ ಬೇಕೆಂದರೆ ಅದರ ಮೇಲಿನ ಹೊಳಪು ರೋಡಿಯಂ ಎಂಬ ಬಿಳಿ ಲೋಹದ ಲೇಪ ಎಂದು ತಿಳಿದಿರಲಿ. ದಿನಾ ತೊಟ್ಟರೆ ಒಂದೆರಡು ವರ್ಷಕ್ಕೆ ಸವೆದು ಒಳಗಿನ ಹಳದಿ ಛಾಯೆ ಕಾಣುತ್ತದೆ, ಮತ್ತೆ ಹಾಕಿಸಬೇಕು. ಕೆಲವು ಬಿಳಿ ಚಿನ್ನದಲ್ಲಿ ನಿಕಲ್ ಇರುತ್ತದೆ. ಅಗ್ಗದ ಓಲೆ ಹಾಕಿದರೆ ನಿನ್ನ ಹುಡುಗಿಯ ಕಿವಿ ಕೆರೆಯುತ್ತದೆಯೇ ಕೇಳು. ಹೌದಾದರೆ ನಿಕಲ್ ಇಲ್ಲದ್ದೇ ಬೇಕು. ಪ್ಲಾಟಿನಂ ಸಾಂದ್ರ, ಅದೇ ಗಾತ್ರದ ಉಂಗುರ 18 ಕ್ಯಾರಟ್ ಚಿನ್ನದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು ತೂಗುತ್ತದೆ, ಮಜೂರಿಯೂ ಹೆಚ್ಚು.

ಹರಳು ಕೂರಿಸುವ ರೀತಿಯನ್ನು ಕೈಯ ಕೆಲಸ ನೋಡಿ ಆರಿಸಿ. ಅವಳು ನರ್ಸ್ ಅಲ್ಲವೇ? ದಿನಕ್ಕೆ ಹತ್ತಾರು ಸಲ ಕೈಗವಸು ಹಾಕಿ ತೆಗೆಯುವವರಿಗೆ ಎತ್ತರದ ಸಾಲಿಟೇರ್, ಅಂದರೆ ಒಂಟಿ ಹರಳಿನ ಉಂಗುರ, ಪೀಡೆ. ಹರಳಿನ ಸುತ್ತ ಚಿನ್ನದ ಅಂಚು ಕಟ್ಟಿದ ತಗ್ಗಿನ ವಿನ್ಯಾಸ ನೋಡಿ. ಎತ್ತರದ್ದೇ ಇಷ್ಟವಾದರೆ ನಾಲ್ಕು ಕೊಕ್ಕೆಗಿಂತ ಆರು ಕೊಕ್ಕೆ ಭದ್ರ, ಒಂದು ಮುರಿದರೂ ಹರಳು ನಿಲ್ಲುತ್ತದೆ. ಹಳೇ ಬೆಂಡೋಲೆಗಳಂತೆ ಹಿಂಬದಿ ಮುಚ್ಚಿದ ಕಟ್ಟು ಬೇಡ. ಹಿಂದೆ ತೆರೆದಿದ್ದರೆ ಬೆಳಕೂ ಬರುತ್ತದೆ, ಸೋಪಿನ ಜಿಡ್ಡು ತೆಗೆಯಲೂ ಬರುತ್ತದೆ.

ಇನ್ನು ವಜ್ರ. ಚಿನ್ನದಲ್ಲಿ ಕ್ಯಾರಟ್ ಶುದ್ಧತೆಯ ಲೆಕ್ಕ, ಹರಳಿನಲ್ಲಿ ತೂಕದ ಲೆಕ್ಕ. ಇಲ್ಲಿ ಒಂದು ಕ್ಯಾರಟ್ ಅಂದರೆ 200 ಮಿಲಿಗ್ರಾಂ, ಅದರ ನೂರನೇ ಭಾಗ ಒಂದು ಸೆಂಟ್. ದುಂಡು ವಜ್ರ 30 ಸೆಂಟ್ ಇದ್ದರೆ ಅಡ್ಡಳತೆ ಸುಮಾರು 4.3 ಮಿ.ಮೀ., 50 ಸೆಂಟಿಗೆ 5.1, ಒಂದು ಕ್ಯಾರಟ್ಟಿಗೆ 6.5. ತೂಕ ಮೂರು ಪಟ್ಟಾದರೂ ಕಣ್ಣಿಗೆ ಕಾಣುವ ಅಗಲ ಒಂದೂವರೆ ಪಟ್ಟು ಮಾತ್ರ. ಬೆಲೆ 30, 50, 100 ಸೆಂಟಿನಲ್ಲಿ ಜಿಗಿಯುತ್ತದೆ. ಹಾಗಾಗಿ 50 ಬಿಟ್ಟು 47-48 ಸೆಂಟಿನದು ಕೇಳಿ. ಬೆರಳಿನ ಮೇಲೆ ವ್ಯತ್ಯಾಸ ಯಾರಿಗೂ ತಿಳಿಯದು.

ದುಡ್ಡು ಹಾಕುವುದಿದ್ದರೆ ಕಟ್‌ಗೆ, ಅಂದರೆ ಹರಳಿನ ಮುಖಗಳನ್ನು ಕಡೆದ ನಾಜೂಕಿಗೆ, ಹಾಕಿ. ಹೊಳಪು ಬರುವುದು ಅದರಿಂದ. ನಮ್ಮಲ್ಲಿ ಕೌಂಟರಿನವರು ವಿವಿಎಸ್ (ಒಳದೋಷ ತೀರಾ ಅಲ್ಪವಾದ ದರ್ಜೆ) ಅನ್ನುವ ಪದವನ್ನೇ ಮಂತ್ರದಂತೆ ಜಪಿಸುತ್ತಾರೆ. ಅದಕ್ಕಿಂತ ಕೆಳಗಿನ ವಿಎಸ್2 ಹರಳಿನ ಒಳದೋಷವೂ ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣುವುದಿಲ್ಲ. ಬಣ್ಣದಲ್ಲೂ ಹಾಗೆಯೇ, ಡಿ ಅಂದರೆ ಬಣ್ಣವೇ ಇಲ್ಲದ್ದು, ಅಕ್ಷರ ಮುಂದೆ ಹೋದಂತೆ ಹಳದಿ ಛಾಯೆ ಹೆಚ್ಚು: ಹಳದಿ ಚಿನ್ನದ ಮೇಲೆ ಐ, ಜೆ ದರ್ಜೆ ಸಾಕು, ಬಿಳಿ ಲೋಹಕ್ಕೆ ಜಿ, ಎಚ್ ನೋಡಿ. ಅಂಗಡಿಯ ಸ್ಪಾಟ್‌ಲೈಟಿನಲ್ಲಿ ಯಾವ ಹರಳೂ ಮಿನುಗುತ್ತದೆ, ಬಾಗಿಲ ಬಳಿ ಹಗಲ ಬೆಳಕಿಗೆ ತಂದು ನೋಡಿ. ಸಾಲಿಟೇರ್ ಆದರೆ ಜಿಐಎ ಅಥವಾ ಐಜಿಐ ಎಂಬ ವಜ್ರ ಪರೀಕ್ಷಾ ಪ್ರಯೋಗಾಲಯದ ಪ್ರಮಾಣಪತ್ರ ಬೇಕೇ ಬೇಕು, ಅಂಗಡಿಯ ಸ್ವಂತ ಕಾರ್ಡ್ ಅದಕ್ಕೆ ಬದಲಿಯಲ್ಲ. ಪತ್ರದ ಸಂಖ್ಯೆಯನ್ನು ಪ್ರಯೋಗಾಲಯದ ಜಾಲತಾಣದಲ್ಲಿ ಹಾಕಿ ನೋಡಿ. ಹರಳಿನ ಸೊಂಟದ ಅಂಚಿನಲ್ಲಿ ಅದೇ ಸಂಖ್ಯೆಯನ್ನು ಲೇಸರ್‌ನಲ್ಲಿ ಕೆತ್ತಿದ್ದರೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಕಾಣುತ್ತದೆ. ಕೂರಿಸುವ ಮೊದಲೇ ತೋರಿಸಲು ಹೇಳಿ, ಆಮೇಲೆ ಕೊಕ್ಕೆ ಮುಚ್ಚಬಹುದು. ‘ಒಟ್ಟು 30 ಸೆಂಟ್’ ಅಂದರೆ ಎಷ್ಟು ಹರಳು ಸೇರಿ ಅಂತ ಕೇಳಿ. ಸಣ್ಣವು ಏಳು ಸೇರಿ 30 ಸೆಂಟ್ ಆದದ್ದಕ್ಕೂ ಒಂದೇ ಹರಳಿನ 30 ಸೆಂಟಿಗೂ ಬೆಲೆಯಲ್ಲಿ ದೊಡ್ಡ ಅಂತರ.

ಲ್ಯಾಬ್ ವಜ್ರ, ಅಂದರೆ ಗಣಿಯದ್ದಲ್ಲದೆ ಯಂತ್ರದಲ್ಲಿ ಬೆಳೆಸಿದ್ದು, ಅದೂ ವಜ್ರವೇ, ಗಟ್ಟಿತನದಲ್ಲಿ ಕೊರತೆಯಿಲ್ಲ, ಬೆಲೆ ಬಹಳ ಕಡಿಮೆ. ಮರುಮಾರಾಟದ ಬೆಲೆ ಮಾತ್ರ ನಂಬಬೇಡಿ. ಅಂಗಡಿಯವರು ಪೆನ್ನಿನಂಥ ಟೆಸ್ಟರ್ ಒತ್ತಿ ‘ನೋಡಿ, ಅಸಲಿ’ ಅನ್ನಬಹುದು. ಆ ಉಪಕರಣ ಅಳೆಯುವುದು ಶಾಖ ಹರಿಯುವ ವೇಗವನ್ನು; ನೈಸರ್ಗಿಕವೋ ಲ್ಯಾಬಿನದೋ ಅದಕ್ಕೆ ಗೊತ್ತಾಗುವುದಿಲ್ಲ.

ಬೆಲೆ ಕೇಳುವಾಗ ಇಡೀ ಉಂಗುರದ್ದು ಕೇಳಬೇಡ, ಬಿಡಿಬಿಡಿಯಾಗಿ ಬರೆಸು. ಲೆಕ್ಕಕ್ಕೆಂದು 24 ಕ್ಯಾರಟ್ ಗ್ರಾಂಗೆ 12,000 ರೂಪಾಯಿ ಅಂದುಕೋ. 22ಕ್ಕೆ 11,000, 18ಕ್ಕೆ 9,000 ಆಗಬೇಕು. 18 ಕ್ಯಾರಟ್ಟಿನ ನಿವ್ವಳ ನಾಲ್ಕು ಗ್ರಾಂ ಚಿನ್ನಕ್ಕೆ 36,000, ಶೇ. 15 ಮಜೂರಿ 5,400, 30 ಸೆಂಟ್ ವಜ್ರಕ್ಕೆ 20,000 ಅಂತ ಇಟ್ಟುಕೊಂಡರೆ 61,400. ಅದರ ಮೇಲೆ ಶೇ. 3 ಜಿಎಸ್‌ಟಿ 1,842. ಹಾಲ್‌ಮಾರ್ಕ್ ಶುಲ್ಕ 45 ರೂಪಾಯಿ, ಅದರ ತೆರಿಗೆ ಬೇರೆ. ಮೋಸ ನಡೆಯುವುದು ಮೂರು ಕಡೆ. 18 ಕ್ಯಾರಟ್ಟಿಗೆ 22ರ ದರ ಹಾಕಿದರೆ ಇಲ್ಲೇ 8,000 ಹೆಚ್ಚು. ಮಜೂರಿಯನ್ನು ವಜ್ರದ ಬೆಲೆಗೂ ಸೇರಿಸಿ ಎಣಿಸಿದರೆ ಇನ್ನೂ 3,000. ಹರಳಿನ ತೂಕವನ್ನು ಚಿನ್ನದ ದರದಲ್ಲಿ ತೂಗುವುದು ಮೂರನೆಯದು. 30 ಸೆಂಟ್ ವಜ್ರ 0.06 ಗ್ರಾಂ ಅಷ್ಟೇ, ಆದರೆ ನವರತ್ನ, ಹವಳದ ಉಂಗುರದಲ್ಲಿ ಇದು ಸಾವಿರಗಳಿಗೆ ಹೋಗುತ್ತದೆ. ಮಜೂರಿಯ ಪಕ್ಕದಲ್ಲಿ ವೇಸ್ಟೇಜ್ ಅಂತ ಬೇರೆ ಸಾಲು ಕಂಡರೆ ಎರಡನ್ನೂ ಕೂಡಿಸಿ ನೋಡು, ಅದೇ ನಿಜವಾದ ಮಜೂರಿ.

ಚಿನ್ನದ ಮೇಲೆ ಮೂರು ಗುರುತು ಇರಬೇಕು: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲಾಂಛನ, ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಗೇ ಮೀಸಲಾದ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಇದಿಲ್ಲದೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಶುದ್ಧತೆಯ ಜೊತೆ ಒಡವೆಯ ಬಗೆಯೂ ಬರುತ್ತದೆ. ಅಲ್ಲಿ ಸರ ಅಂತ ಬಂದು ನಿನ್ನ ಕೈಯಲ್ಲಿ ಉಂಗುರ ಇದ್ದರೆ ಎದ್ದು ಬಾ. ಎರಡು ಗ್ರಾಂಗಿಂತ ಕಡಿಮೆಯ ಒಡವೆಗೆ ಈ ಕಡ್ಡಾಯವಿಲ್ಲ, ಹಾಗಾಗಿ ತೀರಾ ತೆಳು ಉಂಗುರ ನನಗೆ ಇಷ್ಟವಿಲ್ಲ.

ಆಷಾಢದಲ್ಲಿ ಮದುವೆ-ಮುಂಜಿ ಇಲ್ಲದ್ದರಿಂದ ಅಂಗಡಿಗಳು ಮಜೂರಿಯಲ್ಲಿ ರಿಯಾಯಿತಿ ಕೊಡುತ್ತವೆ, ಮಾತಾಡಲು ಪುರಸೊತ್ತೂ ಇರುತ್ತದೆ. ಅಕ್ಷಯ ತದಿಗೆಯ ದಿನ ಹೋದರೆ ಹರಳನ್ನು ಬೆಳಕಿಗೆ ಹಿಡಿಯಲೂ ಜಾಗ ಇರದು. ಬೆಂಗಳೂರಿನ ಅವೆನ್ಯೂ ರಸ್ತೆ, ರಾಜಾ ಮಾರ್ಕೆಟ್ಟಿನ ಕಡೆ ಮಜೂರಿಯಲ್ಲಿ ಚೌಕಾಸಿ ನಡೆಯುತ್ತದೆ. ದೊಡ್ಡ ಶೋರೂಮಿನಲ್ಲಿ ವಾಪಸಾತಿಯ ನಿಯಮ ಬರಹದಲ್ಲಿ ಸಿಗುತ್ತದೆ. ಎಲ್ಲಿಯೇ ಆಗಲಿ, ಬದಲಾಯಿಸಿದರೆ ಎಷ್ಟು, ನಗದು ಕೇಳಿದರೆ ಎಷ್ಟು, ಚಿನ್ನಕ್ಕೂ ಹರಳಿಗೂ ಬೇರೆಬೇರೆಯಾಗಿ ಬಿಲ್ಲಿನಲ್ಲೇ ಬರೆಸಿ. ಎರಡು ಉಂಗುರಕ್ಕೆ ಎರಡು ಬಿಲ್ ಮಾಡಿಸಿ, ಅವರವರ ಹೆಸರಿಗೆ. ಖರೀದಿ ಎರಡು ಲಕ್ಷ ದಾಟಿದರೆ ಪ್ಯಾನ್ ಬೇಕು, ಅಷ್ಟನ್ನು ನಗದಾಗಿ ಪಡೆಯುವಂತೆಯೂ ಇಲ್ಲ.

ಮಾಡಿಸುವುದಾದರೆ ಶಾಸ್ತ್ರದ ದಿನಕ್ಕೆ ಆರು ವಾರ ಮೊದಲೇ ಹೇಳಿ. ಒಳಗೆ ಹೆಸರು ಕೆತ್ತಿಸುವ ಆಸೆಯಿದ್ದರೆ ಅಳತೆ ಪಕ್ಕಾ ಆದ ಮೇಲೆ ಮಾಡಿಸಿ, ಕೆತ್ತಿದ ಮೇಲೆ ವಾಪಸು ತೆಗೆದುಕೊಳ್ಳುವವರು ಕಡಿಮೆ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಎರಡು ಮಿ.ಮೀ. ಪಟ್ಟಿಯಲ್ಲಿ ಅಕ್ಷರ ಕಲಸಿಹೋಗುತ್ತದೆ, ಮೂರು ಮಿ.ಮೀ. ಆದರೂ ಇರಲಿ.

ಉಂಗುರ ಕೈಗೆ ಬಂದಾಗ ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟು. ಸಣ್ಣಗೆ ಟಿಕ್ ಅಂದರೆ ಹರಳು ಅಲುಗಾಡುತ್ತಿದೆ, ಅಲ್ಲೇ ಬಿಗಿ ಮಾಡಿಸು. ಎಸ್ಟಿಮೇಟ್ ಚೀಟಿ ಸಿಕ್ಕಿದ ದಿನ ಫೋಟೋ ಕಳಿಸು, ದುಡ್ಡು ಕಟ್ಟುವ ಮೊದಲು.

ನಿನ್ನವ